ಚೀಟಿ ಕೀಳದ ಪಾತ್ರೆ

ನನ್ನ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಹೊಸ ಸ್ಟೀಲ್ ಪಾತ್ರೆ ಕೂತಿದೆ. ಹೊಸದು ಅಂದರೆ ಹನ್ನೊಂದು ವರ್ಷದ ಹೊಸದು. ನಾಲ್ಕು ಜನಕ್ಕೆ ಸಾರು ಕುದಿಸುವಷ್ಟು ದೊಡ್ಡದು, ಮುಚ್ಚಳವೂ ಇದೆ. ಅಂಗಡಿಯವರು ಅಂಟಿಸಿದ ಚೀಟಿ ನಿನ್ನೆಯವರೆಗೂ ಅದರ ಮೈಮೇಲೆ ಹಾಗೇ ಇತ್ತು. ಅಕ್ಷರ ಮಾಸಿತ್ತು, ಅಂಚು ಹಳದಿಯಾಗಿತ್ತು, ಅಷ್ಟೆ. ಮೂರು ದಿನ ಅದರ ಸುತ್ತ ಓಡಾಡಿದೆ, ಒಲೆಯ ಮೇಲಿಡುವ ಧೈರ್ಯ ಬಂದಿರಲಿಲ್ಲ. ಪಾತ್ರೆಗೆ ಹೆದರುವ ಹೆಂಗಸನ್ನು ನೀವು ನೋಡಿಲ್ಲದಿದ್ದರೆ ಇಲ್ಲಿದ್ದೇನೆ, ನೋಡಿಕೊಳ್ಳಿ.

ಇದು ಎದುರುಮನೆ ಟೀಚರ್ ಮನೆಯಿಂದ ಬಂದದ್ದು. ಅವರ ಮನೆಯಿಂದ ಬಂದದ್ದು ಅನ್ನುವುದಕ್ಕಿಂತ ವಾಪಸು ಬಂದದ್ದು ಅನ್ನಬೇಕು.

ಬಾಣಾವರದಲ್ಲಿ ಆಗ ನಮ್ಮದು ಹಳೆಯ ಹೆಂಚಿನ ಮನೆ. ನಮ್ಮವರು ಬೆಳಿಗ್ಗೆ ಪೇಟೆ ಬೀದಿಯ ಗುಡಿಯಲ್ಲಿ ಪೂಜೆ ಮುಗಿಸಿ, ಹತ್ತು ಗಂಟೆಗೆ ಅರಸೀಕೆರೆಯ ಕಚೇರಿಗೆ ಹೋಗುತ್ತಿದ್ದರು. ನಾನು ಕಾಲೇಜಿನ ಆಫೀಸಿನಲ್ಲಿ ಗುಮಾಸ್ತೆ. ಮನೆಯಲ್ಲಿ ಅತ್ತೆ. ಎದುರಿಗೆ ತಾರಸಿ ಮನೆ ಕಟ್ಟಿಸಿಕೊಂಡು ಪ್ರೈಮರಿ ಶಾಲೆಯ ಟೀಚರ್ ಒಬ್ಬರು ಬಂದಿದ್ದರು. ಗಂಡ ತೀರಿಕೊಂಡಿದ್ದರು, ಮಗಳು ತುಮಕೂರಿನಲ್ಲಿ ನರ್ಸಿಂಗ್ ಓದುತ್ತಿದ್ದಳು. ಅವರ ನಡುಮನೆಯಲ್ಲಿ ಬುದ್ಧನ ಪಟ, ಅದರ ಪಕ್ಕಕ್ಕೆ ನೀಲಿ ಕೋಟಿನವರ ಪಟ. ಅವರ ಅಪ್ಪ ಅಮ್ಮ ಊರಾಚೆಯ ಕೇರಿಯವರು ಅನ್ನುವುದು ಇಡೀ ಬೀದಿಗೆ ಗೊತ್ತಿತ್ತು. ಗೊತ್ತಿದೆ ಅಂತ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ. ಅವರು ಕರೆದರೆ ಕಾಂಪೌಂಡಿನ ಹತ್ತಿರವೇ ನಿಂತು ಮಾತಾಡಿ ಬರುತ್ತಿದ್ದೆವು. ನಾನೂ ಹಾಗೆಯೇ. ಕಾಲೇಜಿನಲ್ಲಿ ನವೆಂಬರ್ ಬಂತೆಂದರೆ ಸಂವಿಧಾನದ ಪೀಠಿಕೆ ಓದಿಸುವವಳು ನಾನೇ, ಗಂಟಲು ಚೆನ್ನಾಗಿದೆ ಅಂತ. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಅಂತಾರಲ್ಲ, ಅದು ನಾನು.

ನಮ್ಮ ಹಿತ್ತಲಲ್ಲಿ ಒಂದು ತೆಂಗಿನ ಮರ ಮನೆಯ ಕಡೆಗೆ ವಾಲಿತ್ತು. "ಮರ ಬಗ್ತಾ ಇದೆ ಕಣ್ರೀ, ಕಡಿಸಿಬಿಡಿ" ಅಂತ ಟೀಚರ್ ಎರಡು ಸಲ ಹೇಳಿದ್ದರು. ಮಾವ ನೆಟ್ಟ ಮರ, ಕಡಿಸೋದೆಲ್ಲಿ ಬಂತು ಅಂತ ಅತ್ತೆ ಸಿಡುಕಿದ್ದರು.

ಮೇ ತಿಂಗಳ ಒಂದು ಮಧ್ಯಾಹ್ನ, ನಾಲ್ಕು ಗಂಟೆ ಇರಬಹುದು. ಸ್ಟೇಷನ್ ಕಡೆಯಿಂದ ಕೆಂಪು ಧೂಳು ಎದ್ದಿತು. ಬಟ್ಟೆ ತೆಗೆಯೋಣ ಅಂತ ಹಿತ್ತಲಿಗೆ ಹೆಜ್ಜೆ ಇಟ್ಟೆ ಅಷ್ಟೆ, ಗಾಳಿ ನನ್ನನ್ನು ಗೋಡೆಗೆ ಒತ್ತಿ ನಿಲ್ಲಿಸಿತು. ಯಾರದೋ ಮನೆಯ ತಗಡು ತಲೆಯ ಮೇಲೆ ಹಾರಿಹೋಯಿತು. ಹೆಂಚುಗಳು ಒಂದೊಂದಾಗಿ ಎದ್ದು ಬೀದಿಗೆ ಬೀಳುವ ಸದ್ದು... ಆಮೇಲೆ ಆ ಮರ. ಅಡುಗೆಮನೆ, ದೇವರಮನೆ ಎರಡರ ಮೇಲೂ ಅಡ್ಡಡ್ಡ ಬಿತ್ತು. ನಡುಮನೆಯಲ್ಲಿ ಅಕ್ಕಿ ಆರಿಸುತ್ತಿದ್ದ ಅತ್ತೆ ಮೊರ ಎದೆಗೆ ಅವುಚಿಕೊಂಡು ಕೂತುಬಿಟ್ಟಿದ್ದರು.

ಮಳೆ ಶುರುವಾಗುವುದಕ್ಕೂ ಟೀಚರ್ ಬೀದಿ ದಾಟಿ ಬರುವುದಕ್ಕೂ ಸರಿಹೋಯಿತು. ನಮ್ಮೆದುರು ಯಾವಾಗಲೂ ಶಾಲೆಯ ಕನ್ನಡ ಮಾತಾಡುವವರು ಅವತ್ತು ಅವರ ಅಮ್ಮನ ಮಾತಿನಲ್ಲಿ ಕೂಗಿದರು.

"ಎದ್ದೇಳಿ ಅಮ್ಮ, ಬನ್ನಿ. ನಮ್ಮನೆ ತಾರಸಿ ಐತೆ, ಏನೂ ಆಗಕಿಲ್ಲ."

"ನನ್ನ ದೇವ್ರು ಒಳಗಿದಾನೆ ಕಣಮ್ಮ" ಅಂತ ಅತ್ತೆ ಅಳತೊಡಗಿದರು.

"ದೇವ್ರನ್ನೂ ಕರ್ಕಂಡ್ ಬನ್ನಿ. ಅವನ್ಯಾಕೆ ನೆನೀಬೇಕು?"

ದೇವರಮನೆಯ ಬಾಗಿಲಿಗೆ ಮುರಿದ ತೊಲೆ ಅಡ್ಡ ಬಿದ್ದಿತ್ತು. ಟೀಚರ್ ಅದಕ್ಕೆ ಹೆಗಲು ಕೊಟ್ಟು ಎತ್ತಿ ಹಿಡಿದರು. ದೇವರ ಪೆಟ್ಟಿಗೆ ಅವರ ಕೈಗೆ ಗೇಣು ದೂರದಲ್ಲಿತ್ತು, ಅವರು ಮುಟ್ಟಲಿಲ್ಲ. "ನೀವೇ ತಗೊಳ್ಳಿ" ಅಂದರು ನನಗೆ. ನಾನು ತೊಲೆಯ ಕೆಳಗೆ ತೂರಿ ಪೆಟ್ಟಿಗೆ ಎಳೆದುಕೊಂಡೆ. ಅವರ ಹೆಗಲು ತರಚಿ ರವಿಕೆಗೆ ರಕ್ತ ಹತ್ತಿದ್ದನ್ನು ನೋಡಿದ್ದು ಆಮೇಲೆ.

ಒಂಬತ್ತು ದಿನ ಅವರ ಮನೆಯಲ್ಲಿದ್ದೆವು, ನಾವು ಮೂವರು ಮತ್ತು ದೇವರು. ಟೀಚರ್ ತಮ್ಮ ಪುಸ್ತಕದ ಗೂಡು ಖಾಲಿ ಮಾಡಿ, ಒರೆಸಿ, ದೇವರಿಗೆ ಬಿಟ್ಟುಕೊಟ್ಟರು. ಪುಸ್ತಕಗಳು ಮಂಚದ ಕೆಳಗೆ ಹೋದವು. ಮೊದಲ ದಿನ ಅತ್ತೆ ನೀರನ್ನೂ ಮುಟ್ಟಲಿಲ್ಲ. ಟೀಚರ್ ಮಾರನೆಯ ಬೆಳಿಗ್ಗೆ ಛತ್ರಿ ಹಿಡಿದು ಹೋಗಿ, ಒಂದು ಹೊಸ ಪಾತ್ರೆ, ಒಂದು ಸೌಟು ತಂದು ಅತ್ತೆಯ ಮುಂದಿಟ್ಟರು.

"ಚೀಟಿ ಕಿತ್ತಿಲ್ಲ ನೋಡಿ ಅಮ್ಮ. ಯಾರೂ ಬಳಸಿಲ್ಲ. ಜಗುಲಿ ಮೇಲೆ ಸ್ಟೌ ಹಚ್ಚಿಕೊಡ್ತೀನಿ, ನೀವೇ ಮಾಡ್ಕೊಳ್ಳಿ."

ಎಷ್ಟು ಸಲೀಸಾಗಿ ಹೇಳಿದರು! ತಮ್ಮ ಮನೆಯಲ್ಲೇ, ತಮ್ಮ ಕೈ ಸೋಕಿಲ್ಲ ಅಂತ ರುಜುವಾತು ಕೊಡುತ್ತಿದ್ದರು. ಆಗ ನನಗೆ ಅನ್ನಿಸಿದ್ದು ಒಂದೇ, ಸದ್ಯ ಇವರೇ ಅರ್ಥ ಮಾಡಿಕೊಂಡರು, ನಾವು ಬಾಯಿಬಿಟ್ಟು ಹೇಳುವುದು ತಪ್ಪಿತು ಅಂತ.

ನಾಲ್ಕನೆಯ ದಿನ ಅತ್ತೆಗೆ ಚಳಿಜ್ವರ ಬಂತು. ನಾನು ರಿಪೇರಿಯವರ ಹಿಂದೆ ಓಡಾಡಿ ಸಂಜೆ ಬಂದು ನೋಡಿದರೆ, ಮನೆಯೆಲ್ಲ ಮೆಣಸು ಜೀರಿಗೆ ಹುರಿದ ಘಮ. ಟೀಚರ್ ಅದೇ ಪಾತ್ರೆಯಲ್ಲಿ ಮೆಣಸಿನ ಸಾರು ಮಾಡಿ, ಲೋಟದಲ್ಲಿ ಬಿಟ್ಟು, ಅತ್ತೆಯ ಬೆನ್ನಿಗೆ ಕೈಕೊಟ್ಟು ಕೂರಿಸಿ ಕುಡಿಸುತ್ತಿದ್ದರು. ನಾನು ಬಾಗಿಲಲ್ಲೇ ನಿಂತೆ. ಎಪ್ಪತ್ತೆರಡು ವರ್ಷ ಮಡಿಯಲ್ಲೇ ಬದುಕಿದ ಅತ್ತೆ ಲೋಟ ಖಾಲಿ ಮಾಡಿ, ಬಾಯಿ ಒರೆಸಿಕೊಂಡು ಅಂದದ್ದು ಇಷ್ಟು.

"ಮೆಣಸು ಸ್ವಲ್ಪ ಜಾಸ್ತಿಯಾಯ್ತು ಕಣಮ್ಮ."

"ನಾಳೆ ಕಮ್ಮಿ ಹಾಕ್ತೀನಿ ಬಿಡಿ" ಅಂದರು ಟೀಚರ್.

ಅಲ್ಲಿಗೆ ಮುಗಿಯಿತು. ಐದನೆಯ ದಿನದಿಂದ ಜಗುಲಿಯ ಸ್ಟೌ ಹಚ್ಚಲಿಲ್ಲ. ಅತ್ತೆ ಅವರ ಅಡುಗೆಮನೆಯಲ್ಲಿ ಮಣೆ ಹಾಕಿಕೊಂಡು ಸೊಪ್ಪು ಬಿಡಿಸುತ್ತಾ, ಹುರುಳಿಕಟ್ಟಿನ ಸಾರು ಯಾರು ಚೆನ್ನಾಗಿ ಮಾಡುತ್ತಾರೆ ಅಂತ ವಾದಕ್ಕೆ ಕೂರುತ್ತಿದ್ದರು. ಪಾತ್ರೆಯ ಚೀಟಿ ಬಿಸಿಗೆ ತಾನೇ ಬಿದ್ದುಹೋಗಿತ್ತು. ಊಟದಲ್ಲಿ ಕೊನೆಯವರೆಗೂ ಮುಜುಗರ ಪಟ್ಟವಳು ನಾನು. ಆದರೆ ಅದನ್ನು ಅತ್ತೆಯ ಹೆಸರಲ್ಲಿ ಬಚ್ಚಿಟ್ಟುಕೊಂಡು ಅಭ್ಯಾಸವಾಗಿತ್ತು. ಅವರೇ ಬಿಟ್ಟುಕೊಟ್ಟ ಮೇಲೆ ನನಗೆ ನಿಲ್ಲಲು ಜಾಗವಿರಲಿಲ್ಲ.

ಮನೆಗೆ ಹೊಸ ತೊಲೆ, ಹೊಸ ಹೆಂಚು ಬಂತು. ಮೊರ ಅವುಚಿಕೊಂಡು ಕೂತಾಗಲೇ ಅತ್ತೆ ಹರಕೆ ಹೊತ್ತಿದ್ದರಂತೆ, ಜೀವ ಉಳಿದರೆ ಸತ್ಯನಾರಾಯಣ ಪೂಜೆ ಮಾಡಿಸುತ್ತೇನೆ ಅಂತ. ದಿನ ಗೊತ್ತಾಯಿತು. ಅತ್ತೆಗೆ ಕಿವಿ ಮಂದ, ಫೋನೆಲ್ಲ ನನ್ನದೇ. ಬೇಲೂರಿನಲ್ಲಿ ನಮ್ಮವರ ದೊಡ್ಡಮ್ಮ ಇದ್ದರು, ಅತ್ತೆಗೆ ವಾರಗಿತ್ತಿ. ಅವರ ಮನೆಯವರದು ತಲೆತಲಾಂತರದ ದೇವಸ್ಥಾನದ ಕೆಲಸ, ಅವರು ಹೂಂ ಅಂದರೆ ಸರಿ, ಊಹೂಂ ಅಂದರೆ ತಪ್ಪು. ಕರೆಯೋಕೆ ಫೋನ್ ಮಾಡಿದರೆ ಮೊದಲ ಪ್ರಶ್ನೆಯೇ ಅದು.

"ಅಷ್ಟು ದಿನ ಎಲ್ಲಿದ್ರೇ? ದೇವ್ರನ್ನ ಎಲ್ಲಿಟ್ಟಿದ್ರಿ?"

"ಛತ್ರದಲ್ಲಿದ್ವಿ ದೊಡ್ಡಮ್ಮ" ಅಂದೆ.

ಯಾರೂ ಹೇಳಿಕೊಟ್ಟಿರಲಿಲ್ಲ. ನಾಲಿಗೆ ತಾನೇ ಅಂದುಬಿಟ್ಟಿತು. ಅಂದ ಮೇಲೆ ಟೀಚರನ್ನು ಪೂಜೆಗೆ ಕರೆಯುವುದು ಹೇಗೆ? ಅವರು ಬಂದು ಕೂತರೆ, ಮಾತು ಬಂದರೆ, ಎಲ್ಲ ಬಯಲಾಗುತ್ತೆ. ಎದುರುಮನೆಗೆ ಹೋಗಿ, ಧ್ವನಿ ತಗ್ಗಿಸಿ, ದೊಡ್ಡ ಕಷ್ಟದಲ್ಲಿರುವವಳ ಮುಖ ಮಾಡಿಕೊಂಡು ಹೇಳಿದೆ.

"ಟೀಚರೇ, ತಪ್ಪು ತಿಳ್ಕೋಬೇಡಿ. ಅವತ್ತೇನೋ ಜ್ವರ ಇತ್ತು. ಮನೆಗೆ ಬಂದ ಮೇಲೆ ಅತ್ತೆಗೆ ಮತ್ತೆ ಮಡಿ ಶುರುವಾಗಿದೆ..."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. "ಹಿರೇರು. ಇರ್ಲಿ ಬಿಡಿ. ಅವತ್ತು ನಾನೂ ಊರಲ್ಲಿರಲ್ಲ" ಅಂದರು.

ಇತ್ತ ಅತ್ತೆ ದಿನಕ್ಕೆರಡು ಸಲ ಕೇಳುತ್ತಿದ್ದರು. "ಟೀಚರಮ್ಮಂಗೆ ಹೇಳಿದ್ಯೇನೇ? ಮೊದಲನೇ ಕುಂಕುಮ ಅವಳಿಗೇ ಕಣೇ." "ಹೇಳಿದೆ, ಮಗಳ ಹತ್ರ ಹೋಗ್ತಾರಂತೆ" ಅಂದೆ. ಅತ್ತೆಯ ಮುಖ ಸಣ್ಣಗಾಯಿತು.

ಪೂಜೆ ಚೆನ್ನಾಗಿಯೇ ಆಯಿತು. ಊಟಕ್ಕೆ ಕೂತಾಗ ಅತ್ತೆ ಎಲ್ಲರಿಗೂ ಕೇಳುವಂತೆ ಹೇಳುತ್ತಿದ್ದರು, "ದೇವ್ರು ದೊಡ್ಡೋನು. ಒಂಬತ್ತು ದಿನ ಹೆತ್ತ ಮಗಳ ಹಾಗೆ ನೋಡ್ಕೊಂಡ್ಲು." ದೊಡ್ಡಮ್ಮ ನನ್ನತ್ತ ತಿರುಗಿ "ಯಾರೇ ಅದು?" ಅಂದರು. "ಛತ್ರದ ಮೇಲ್ವಿಚಾರಕರ ಹೆಂಡ್ತಿ" ಅಂದೆ, ಪಾಯಸ ಬಡಿಸುತ್ತಲೇ. ಅತ್ತೆಗೆ ಕೇಳಿಸಲಿಲ್ಲ. ನಮ್ಮವರಿಗೆ ಕೇಳಿಸಿತು. ಎಲೆಯಿಂದ ತಲೆ ಎತ್ತಿ ನೋಡಿ, ಮತ್ತೆ ಎಲೆಗೇ ಬಗ್ಗಿದರು.

ಅವತ್ತು ಬೆಳಿಗ್ಗೆ ಟೀಚರ್ ಮನೆಯ ಹಗ್ಗದ ಮೇಲೆ ಒಂದು ಸೀರೆ, ಎರಡು ಟವೆಲ್ ಒಣಗುತ್ತಿದ್ದವು. ಬಾಗಿಲು ಹಾಕಿತ್ತು. ಸಂಜೆ ನೆಂಟರನ್ನು ಬಸ್ಸಿಗೆ ಕಳಿಸಿ ಬರುವಾಗ ನೋಡಿದರೆ ಬಾಗಿಲು ಹಾಗೇ ಹಾಕಿತ್ತು, ಹಗ್ಗ ಖಾಲಿ. ಅಯ್ಯೋ, ಅವರು ಎಲ್ಲಿಗೂ ಹೋಗಿರಲಿಲ್ಲ. ಮಂತ್ರ, ಗಂಟೆ, ಊಟದ ಗದ್ದಲ ಎಲ್ಲವನ್ನೂ ಬಾಗಿಲು ಹಾಕಿಕೊಂಡು ಒಳಗೇ ಕೇಳಿದ್ದರು.

ಇಷ್ಟಕ್ಕೇ ನಿಲ್ಲಿಸಿದ್ದರೂ ಆಗುತ್ತಿತ್ತು. ನಾವು ಮನೆಗೆ ಮರಳುವಾಗ ಸಾಮಾನಿನ ಜೊತೆ ಬಂದಿದ್ದ ಅವರ ಪಾತ್ರೆ ನಮ್ಮಲ್ಲೇ ಇತ್ತು. ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದು, ನಮ್ಮ ಕಡೆ ಅದೊಂದು ಪದ್ಧತಿ. ನಾನು ಏನು ಮಾಡಿದೆ ಗೊತ್ತೇ? ಆ ಪಾತ್ರೆಯನ್ನು ಅಟ್ಟಕ್ಕೆ ಎಸೆದು, ಅರಸೀಕೆರೆಯಲ್ಲಿ ಅಂಥದೇ ಹೊಸದೊಂದು ಕೊಂಡು, ತುಂಬ ಸಕ್ಕರೆ ಹಾಕಿ ಕೊಟ್ಟುಬಂದೆ. ಇದು ಮರ್ಯಾದೆ ಅಂತ ನನಗೆ ನಾನೇ ಹೇಳಿಕೊಂಡೆ. ಚೀಟಿಯನ್ನೂ ಕಿತ್ತಿರಲಿಲ್ಲ, ಹೊಸದು ಅಂತ ಗೊತ್ತಾಗಲಿ ಅಂತ.

ಟೀಚರ್ ಪಾತ್ರೆ ತಿರುಗಿಸಿ ಚೀಟಿ ನೋಡಿದರು.

"ಹಳೇದು?"

"ಮಸಿ ಹಿಡಿದುಬಿಡ್ತು ಟೀಚರೇ."

"ಮಸಿಗೇನು, ಉಜ್ಜಿದ್ರೆ ಹೋಗ್ತಿತ್ತು. ಅಮ್ಮ ಸಾರು ಕುಡಿದ ಪಾತ್ರೆ, ಅದೇ ಇರ್ಲಿ ಅಂತಿದ್ದೆ." ಒಂದು ಚಿಟಿಕೆ ಸಕ್ಕರೆ ಬಾಯಿಗೆ ಹಾಕಿಕೊಂಡರು. "ಸಿಹಿ ಕೊಟ್ರಿ, ಸಂತೋಷ."

ಅವರು ಆಮೇಲೆ ನಮ್ಮ ಮೆಟ್ಟಿಲು ಹತ್ತಲಿಲ್ಲ. ಕಂಡಾಗ ನಗುತ್ತಿದ್ದರು, ಮಾತಾಡುತ್ತಿದ್ದರು, ಕಾಂಪೌಂಡಿನ ಹತ್ತಿರ ನಿಂತು. ಅತ್ತೆ ಕಾದರು. ಜಗುಲಿಯಲ್ಲಿ ಕೂತು ಎದುರುಮನೆಯನ್ನೇ ನೋಡುತ್ತಿದ್ದರು, ಮಂಡಿನೋವಿನಿಂದ ಬೀದಿ ದಾಟುವುದು ಆಗುತ್ತಿರಲಿಲ್ಲ. "ಮಾಡಿದ್ದನ್ನ ನಾವು ಮರೆತ್ವಿ ಅಂತ ಅವಳಿಗೆ ಸಿಟ್ಟೋ, ಇಲ್ಲಾ ಅವಳಿಗೇ ಜಂಬ ಬಂತೋ" ಅನ್ನುತ್ತಿದ್ದರು. ಆಗ ಒಂದು ಮಾತು, ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಮೂರು ವರ್ಷಕ್ಕೆ ಅತ್ತೆ ಹೋದರು, ಟೀಚರಿಗೆ ಜಂಬ ಅಂತಲೇ ನಂಬಿಕೊಂಡು. ಟೀಚರ್ ಆ ದಿನ ಬಂದರು. ಕೈಯಲ್ಲಿ ಹೂವಿತ್ತು. ಗೇಟಿನಾಚೆ ಬಿಸಿಲಿನಲ್ಲಿ ನಿಂತೇ ಇದ್ದರು, ಅತ್ತೆಗೆ ಮಡಿ ಅಂತ. ಒಳಗೆ ಬನ್ನಿ ಅನ್ನಬೇಕಾದವಳು ಬೇಲೂರಿನ ದೊಡ್ಡಮ್ಮನ ಪಕ್ಕ ಕೂತು ಅಳುತ್ತಿದ್ದಳು. ನಾನು ಅತ್ತದ್ದು ಸುಳ್ಳಲ್ಲ. ಆದರೆ ಏಳಲಿಲ್ಲ. ಹೆಣ ಎತ್ತುವಾಗ ಅವರು ಹೂವನ್ನು ಗೇಟಿನ ಕಂಬದ ಮೇಲಿಟ್ಟು ಹೋದರು.

ಟೀಚರ್ ರಿಟೈರಾದರು. ಹೋದ ತಿಂಗಳು ತುಮಕೂರಿನಲ್ಲಿ ಮಗಳ ಮನೆಯಲ್ಲಿದ್ದಾಗ ತೀರಿಕೊಂಡರು. ನನಗೆ ಗೊತ್ತಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮೂರು ದಿನದ ಹಿಂದೆ ಮಗಳು ಮನೆ ಖಾಲಿ ಮಾಡಲು ಬಂದವಳು ನನ್ನನ್ನು ಕೂಗಿದಳು. ಹನ್ನೊಂದು ವರ್ಷದ ಮೇಲೆ ಆ ಹೊಸಿಲು ದಾಟಿದೆ. ಅವಳು ಅಡುಗೆಮನೆಯ ಮೇಲಿನ ಗೂಡಿನಿಂದ ಈ ಪಾತ್ರೆ ಇಳಿಸಿ, ಧೂಳು ಒರೆಸಿ ನನ್ನ ಕೈಗಿಟ್ಟಳು.

"ಇದು ನಿಮ್ಮದಂತೆ ಆಂಟಿ. ಅಮ್ಮ ನಂಗೂ ಮುಟ್ಟೋಕೆ ಬಿಡ್ತಿರ್ಲಿಲ್ಲ. ಮತ್ತೆ ಗಾಳಿ ಗೀಳಿ ಬಂದ್ರೆ ಎದುರುಮನೆಯೋರಿಗೆ ಬೇಕಾಗುತ್ತೆ, ಚೀಟಿ ಹಾಗೇ ಇರ್ಲಿ ಅಂತಿದ್ರು. ಹೋದ ವರ್ಷ ಮಳೆಗಾಲದಲ್ಲೂ ಹೇಳಿದ್ರು."

ಹೋದ ವರ್ಷ. ಅತ್ತೆ ಹೋಗಿ ಆಗಲೇ ಏಳು ವರ್ಷ ಕಳೆದಿತ್ತು. ಅತ್ತೆಯ ಮಡಿಗಾಗಿ ಆ ಚೀಟಿ ಕಾಯಬೇಕಾದ್ದೇ ಇರಲಿಲ್ಲ. ಎದುರುಮನೆಯಲ್ಲಿ ಉಳಿದಿದ್ದವಳು ನಾನು. ಮಡಿ ಯಾರದು ಅನ್ನುವುದು ಅವರಿಗೆ ಗೊತ್ತಿತ್ತು, ಬಹುಶಃ ಧ್ವನಿ ತಗ್ಗಿಸಿ ಹೇಳಲು ಹೋದ ಆ ದಿನವೇ ಗೊತ್ತಿತ್ತು... ಗೊತ್ತಿದ್ದೂ, ಮತ್ತೆ ನನ್ನ ಮನೆಯ ಮಾಡು ಹಾರಿದರೆ ಬಾಗಿಲು ತೆಗೆಯಲು ತಯಾರಾಗಿಯೇ ಇದ್ದರು. ಉಂಡ ಮನೆಯ ಹೆಸರನ್ನು ಬಾಯಲ್ಲಿ ಹೇಳಲಾಗದವಳಿಗೋಸ್ಕರ.

ಮಗಳಿಗೆ ಎಲ್ಲವನ್ನೂ ಹೇಳಿಬಿಟ್ಟೆ, ಛತ್ರದಿಂದ ಹಿಡಿದು ಗೇಟಿನವರೆಗೆ. ಅವಳು ಪುಸ್ತಕ ಕಟ್ಟುತ್ತಾ ಕೇಳಿದಳು. ಪರವಾಗಿಲ್ಲ ಅನ್ನಲಿಲ್ಲ. ಅದು ಸರಿಯೇ.

ಇವತ್ತು ಬೆಳಿಗ್ಗೆ ಪಾತ್ರೆಯ ಮೈಯನ್ನು ಉರಿಗೆ ಹಿಡಿದು ಚೀಟಿ ಕಿತ್ತೆ. ಅರ್ಧ ಬಂತು, ಇನ್ನರ್ಧದ ಅಂಟು ಒಣಗಿ ಸ್ಟೀಲಿಗೇ ಹಿಡಿದುಕೊಂಡಿತ್ತು. ಅದರಲ್ಲೇ ಮೆಣಸಿನ ಸಾರು ಕುದಿಸಿ, ಲೋಟಕ್ಕೆ ಬಿಟ್ಟುಕೊಂಡು ಜಗುಲಿಯಲ್ಲಿ ಅತ್ತೆ ಕೂರುತ್ತಿದ್ದ ಜಾಗದಲ್ಲಿ ಕೂತೆ. ಮೆಣಸು ಸ್ವಲ್ಪ ಜಾಸ್ತಿಯಾಗಿತ್ತು. ಹೇಳೋಣ ಅಂದರೆ ಎದುರುಮನೆಗೆ ಬೀಗ.