ಮೈಕಣ್ಣನ ಗಂಟಲು

ಮೈಕು ಆರಿಸುವುದನ್ನು ಮೈಕಣ್ಣ ಮರೆತದ್ದು ಅಷ್ಟು ವರ್ಷಗಳ ಕೆಲಸದಲ್ಲಿ ಅದೇ ಮೊದಲು. ಕಡಲ ದಡದ ಹಳೆಯ ಮಂದಿರಕ್ಕೆ ಬಂದ ಯಾತ್ರಿಕರಲ್ಲಿ ಗುಂಪು ತಪ್ಪಿದವರನ್ನು ಧ್ವನಿವರ್ಧಕದಲ್ಲಿ ಕೂಗಿ ಕರೆಯುವುದು ಅವನ ಕಸುಬು. ಆವತ್ತು ಒಬ್ಬ ಅಜ್ಜಿಯನ್ನು ಮೊಮ್ಮಗಳಿಗೆ ಒಪ್ಪಿಸಿ, ಕುರ್ಚಿಗೆ ಒರಗಿ ತಮ್ಮನಿಗೆ ಫೋನು ಹಚ್ಚಿದ.

"ಗಂಟಲಲ್ಲಿ ಗಡ್ಡೆಯಂತೆ ಕಣೋ. ಸೋಮವಾರ ಆಪರೇಷನ್. ಜೀವ ಉಳಿಯುತ್ತೆ, ಧ್ವನಿ ಹೋಗುತ್ತೆ ಅಂದ್ರು ಡಾಕ್ಟ್ರು. ನಿಮ್ಮತ್ತಿಗೆಗೆ ಮಾತ್ರ ಹೇಳ್ಬೇಡ."

ದಡದಲ್ಲಿ ಅಂಗಡಿಯಿಟ್ಟ ತಮ್ಮ ಹೊರಗೆ ಬಂದು ಕಿವಿಗೊಟ್ಟ. "ಅಣ್ಣ, ನಿನ್ನ ಮಾತು ಎರಡೆರಡು ಸಲ ಕೇಳಿಸ್ತಿದೆ. ಒಂದ್ಸಲ ಫೋನಿಂದ, ಇನ್ನೊಂದ್ಸಲ ಆಕಾಶದಿಂದ."

ಯಾತ್ರಿಕರು ಮೈಕಿನ ಕೋಣೆಯ ಕಿಟಕಿಗೆ ಮುತ್ತಿದರು. ಒಬ್ಬರು ಬಿಸಿನೀರು ಅಂದರು. ಇನ್ನೊಬ್ಬ ಹೆಂಗಸು, "ಕೆಲವು ದಿನ ಮೌನವಾಗಿದ್ದು ನೋಡಿ" ಅಂದಳು.

"ಅದೇ ಬರ್ತಿದೆಯಮ್ಮ, ಸೋಮವಾರ," ಎಂದ.

ನಾಚಿಕೆಯ ನಡುವೆಯೂ ಒಂದು ಸಮಾಧಾನವಿತ್ತು. ಅವನ ಮನೆ ಮಂದಿರದ ಹಿಂದಿನ ಗಲ್ಲಿಯಲ್ಲೇ. ಧ್ವನಿವರ್ಧಕವೊಂದು ಅಡುಗೆಮನೆ ಕಿಟಕಿಯ ಮೇಲೇ ಬಾಯಿ ತೆರೆದು ನಿಂತಿದೆ. ಹೆಂಡತಿಗೆ ತಿಳಿದೇ ಇರುತ್ತದೆ, ಹೇಳುವ ಸಂಕಟ ತಪ್ಪಿತು.

ಅವನು ಮನೆಗೆ ಬಂದಾಗ ಅವಳು ಬಟ್ಟೆ ಮಡಚುತ್ತಿದ್ದಳು. "ಏನು ಇಷ್ಟು ಬೇಗ? ಇವತ್ತು ಯಾರೂ ಕಳೆದುಹೋಗ್ಲಿಲ್ವಾ?"

"ಮೈಕಲ್ಲಿ ಹೇಳಿದ್ದು ಕೇಳಿಸ್ಲಿಲ್ವೇನೇ?"

"ಅದನ್ನ ಕೇಳೋಕೆ ನಾನೇನು ಯಾತ್ರೆಗೆ ಬಂದಿದೀನಾ? ಮದುವೆಯಾದ ಹೊಸತರಲ್ಲೇ ಕಿವಿಗೆ ಬೀಗ ಹಾಕಿದೀನಿ. ಇಲ್ದಿದ್ರೆ ನಿಮ್ಮ ಜೊತೆ ಸಂಸಾರ ಮಾಡೋಕಾಗ್ತಿತ್ತಾ?"

ಅವಳೊಬ್ಬಳದೇ ತಪ್ಪಲ್ಲ. ಆ ಊರಿನವರಿಗೆ ಕಡಲ ಮೊರೆತವೂ ಮೈಕಣ್ಣನ ಕೂಗೂ ಒಂದೇ. ಎರಡೂ ಹೊರಗಿನಿಂದ ಬಂದವರಿಗೆ ಮೀಸಲು. ಕಂಡವರ ತಾಯಿ, ಮಕ್ಕಳು, ಗಂಡಂದಿರನ್ನು ಕರೆಕರೆದು ಸವೆಸಿದ ಧ್ವನಿಯಲ್ಲಿ ಮನೆಗೆಂದು ಅವನು ಉಳಿಸಿಕೊಂಡು ಬರುತ್ತಿದ್ದದ್ದು ಹೂಂ ಮತ್ತು ಉಹೂಂ. ಸೋಮವಾರದ ನಂತರ ಅವೂ ಇಲ್ಲ. ಹೇಳುವುದಿದ್ದರೆ ಈಗಲೇ, ಈ ಬಾಯಲ್ಲೇ ಹೇಳಬೇಕು.

ಅವಳ ಎದುರು ಕೂತು ಹೊದಿಕೆಯ ಇನ್ನೊಂದು ತುದಿ ಹಿಡಿದ. ಹಿಂದೆಂದೂ ಹಿಡಿದವನಲ್ಲ. ನೀಲಿ ಅಂಗಿಯ ಮಗು, ಊರುಗೋಲಿನ ಅಜ್ಜ ಎಂದು ಇಡೀ ದಡಕ್ಕೆ ನಿರರ್ಗಳವಾಗಿ ಸಾರುವ ನಾಲಿಗೆ ಒಣಗಿ ಅಂಗುಳಕ್ಕೆ ಅಂಟಿತು.

ಹೆಂಡತಿ ಮಡಚುವುದನ್ನು ನಿಲ್ಲಿಸಿ ಅವನ ಮುಖ ನೋಡಿದಳು. "ಏನೋ ಹೇಳ್ಬೇಕು ಅಂತಿದೀರಿ. ಕೇಳಿಸ್ಕೋತಿದೀನಿ, ಹೇಳಿ. ಏನಾಯ್ತು?"

"ಏನಿಲ್ಲ," ಎಂದ ಮೈಕಣ್ಣ. "ಬಚ್ಚಲ ನಲ್ಲಿ ಸೋರ್ತಿದೆ."