ಅಂಗೈಗೆ ಬಿದ್ದ ಒಂದು ಹನಿ

ಗ್ಲಾಸಿನೊಳಗೆ ಉದ್ದನೆಯ ಚಮಚ ತಿರುಗುತ್ತಲೇ ಇತ್ತು, ಐಸ್ ತುಂಡುಗಳು ಮಾತ್ರ ಸದ್ದು ಮಾಡುತ್ತಿರಲಿಲ್ಲ. ತಿರುಗಿಸುತ್ತಿದ್ದವಳು ನನ್ನ ಮಗಳು ಶೈಲಾ. ಗಂಗಾವತಿಯ ಹೋಟೆಲೊಂದರ ಬಾರಿನಲ್ಲಿ ಅವಳಿಗೆ ಕೆಲಸ ಸಿಕ್ಕು ನಾಲ್ಕು ತಿಂಗಳಾಗಿತ್ತು. ಕನಕಗಿರಿಯ ನಮ್ಮ ಓಣಿಯಲ್ಲಿ ಮಾತ್ರ ನಾನು, ಅವಳು ಹೋಟೆಲಿನ ಅಡುಗೆಮನೆಯಲ್ಲಿದ್ದಾಳೆ ಎಂದೇ ಹೇಳುತ್ತಾ ಬಂದಿದ್ದೆ. ಅಂದು ಮಧ್ಯಾಹ್ನ ಬುತ್ತಿ ಕೊಡುವ ನೆಪದಲ್ಲಿ ಮೊದಲ ಸಲ ಒಳಗೆ ಹೋಗಿ, ಸೆರಗಿನಿಂದ ಮೂಗು ಮುಚ್ಚಿಕೊಂಡು ನಿಂತಿದ್ದೆ.

ಐರಿಷ್ ವಿಸ್ಕಿಗೆ ಅವಳು ಹಸಿರು ಬಾಟಲಿಯಿಂದ ಗಿಡಮೂಲಿಕೆಯ ಮದ್ಯವನ್ನು ಸ್ವಲ್ಪವೇ ಬೆರೆಸಿದ್ದಳು. "ಇದನ್ನ ಕುಲುಕಬಾರದು ಯವ್ವಾ, ಮೆಲ್ಲಕ ತಿರುವಬೇಕು" ಎಂದಳು. ಆಮೇಲೆ ಚಮಚದಿಂದ ಎಡಗೈಯ ಅಂಗೈಗೆ ಒಂದು ಹನಿ ಬಿಟ್ಟುಕೊಂಡು ನೆಕ್ಕಿದಳು. ಒಂದು ಗಳಿಗೆ ಕಣ್ಣು ಮುಚ್ಚಿದಳು. ತಲೆಯಾಡಿಸಿ, ಹಸಿರು ಬಾಟಲಿಯಿಂದ ಇನ್ನೆರಡು ಹನಿ ಹಾಕಿದಳು.

ಮೂಗಿನ ಮೇಲಿದ್ದ ನನ್ನ ಸೆರಗು ಯಾವಾಗ ಜಾರಿತೋ ಗೊತ್ತಾಗಲಿಲ್ಲ. ಸಾರಿನ ಉಪ್ಪು ನೋಡುವಾಗ ನಾನು ಸೌಟಿನಿಂದ ಅಂಗೈಗೆ ಹನಿ ಬಿಟ್ಟುಕೊಳ್ಳುವುದು ಹೀಗೆಯೇ, ಕಣ್ಣು ಮುಚ್ಚುವುದೂ ಹೀಗೆಯೇ.

"ಹಿಂಗ ನೋಡೂದು ಇಲ್ಲೆ ಕಲಿಸ್ಯಾರೇನ?" ಎಂದು ಕೇಳಿದೆ.

"ಇಲ್ಲ ಬೇ, ರುಚಿ ನೋಡಾಕ ಇಲ್ಲೆ ಸ್ಟ್ರಾ ಕೊಟ್ಟಾರ. ನನಗ ಅಂಗೈಯಾಗ ಹಾಕ್ಕೊಂಡ್ರನ ತಿಳಿತೈತಿ" ಎಂದು ನಕ್ಕು, ಕೈ ತೊಳೆದುಕೊಂಡಳು.

ಸಂಜೆ ಊರ ಬಸ್ಸಿನಲ್ಲಿ ಓಣಿಯ ಗಿರಿಜಮ್ಮ ಪಕ್ಕದಲ್ಲಿ ಬಂದು ಕೂತು, ಮಗಳು ಹೇಗಿದ್ದಾಳೆ ಎಂದು ವಿಚಾರಿಸಿದಳು. "ಬಾರಿನ್ಯಾಗ ಕೆಲಸಾ ಮಾಡ್ತಾಳವಾ" ಎಂದೆ, ಹಿಂದಿನ ಸೀಟಿನವರಿಗೂ ಕೇಳುವಂತೆ. "ಕೈ ಮಾತ್ರ ನಂದ ಬಂದೈತಿ."