ಒದ್ದೆ ಅಂಗೈಯ ಆಡಿಟರ್

ಅವರ ಅಂಗೈ ಯಾವಾಗಲೂ ಒದ್ದೆಯಾಗಿರುತ್ತಿತ್ತು. ಬೇಸಿಗೆಯಲ್ಲಷ್ಟೇ ಅಲ್ಲ, ಜನ ಕಂಬಳಿ ಹೊದ್ದು ಬಸ್ಸಿಗೆ ಕಾಯುವ ಚಳಿಗಾಲದ ಬೆಳಗಿನಲ್ಲೂ. ಅವರು ಮುಟ್ಟಿದ ಕಾಗದದ ಮೇಲೆ ಬೆರಳುಗಳ ಗುರುತು ಮೂಡಿ, ಸ್ವಲ್ಪ ಹೊತ್ತಿಗೆ ಆರಿ, ಆ ಜಾಗ ಸುಕ್ಕಾಗುತ್ತಿತ್ತು. ಹಾಗಾಗಿ ಸಹಿ ಮಾಡುವ ಮೊದಲು ಮೇಜಿನ ಡ್ರಾಯರ್ ಎಳೆದು, ಒಂದು ವಿಭೂತಿ ಗಟ್ಟಿ ತೆಗೆದು, ಎರಡೂ ಅಂಗೈಗೆ ತಿಕ್ಕಿಕೊಳ್ಳುತ್ತಿದ್ದರು. ಬೆರಳ ಸಂದಿಗೂ ಬಿಡದೆ. ಆಮೇಲೆ ಕೈಗಳನ್ನು ಮೇಜಿನ ಅಂಚಿಗೆ ತಟ್ಟಿ ಪುಡಿ ಉದುರಿಸಿ ಪೆನ್ನು ಹಿಡಿಯುತ್ತಿದ್ದರು.

ಹಗರಿಬೊಮ್ಮನಹಳ್ಳಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಬೀಜ ಗೊಬ್ಬರದ ಅಂಗಡಿಯ ಮೇಲೆ ಅವರ ಕಚೇರಿ ಇತ್ತು. ಮೆಟ್ಟಿಲು ಹತ್ತಿ ಬಂದವರೆಲ್ಲ ಈ ವಿಭೂತಿಯನ್ನು ಭಕ್ತಿಯೆಂದೇ ತಿಳಿದಿದ್ದರು. ಒಮ್ಮೆ ಕೊಟ್ಟೂರಿನ ಹುಣಸೆಹಣ್ಣಿನ ವ್ಯಾಪಾರಿಯೊಬ್ಬರು ಅವರು ಕೈ ತಿಕ್ಕಿಕೊಳ್ಳುವುದನ್ನು ನೋಡಿದವರೇ ಹಿಂದಕ್ಕೆ ಹೋಗಿ, ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಬಂದು, ತಲೆ ಬಾಗಿಸಿ ನಿಂತರು.

"ನನಗೂ ಒಂಚೂರು ಹಚ್ರಿ ಆಡಿಟರ್ರ. ಜಿಎಸ್‌ಟಿ ನೋಟಿಸು ಬಂದೈತಿ. ದೇವ್ರ ಕಾಯಬೇಕು."

ಅವರು ಒಂದು ಕ್ಷಣ ತಡವರಿಸಿದರು. ನಂತರ ಬಹಳ ಗಂಭೀರವಾಗಿ ವ್ಯಾಪಾರಿಯ ಹಣೆಯ ಮೇಲೆ ಮೂರು ಬೆರಳು ಎಳೆದರು.

"ದೇವ್ರು ಕಾಯ್ತಾನ. ನೀವು ಬಿಲ್ ತಂದ್ಕೊಡ್ರಿ. ಮತ್ತ, ನಾ ಆಡಿಟರ್ ಅಲ್ರಿ. ತೆರಿಗಿ ಬರಿಯಾವ."

"ಏ, ನಮಗ ನೀವ ಆಡಿಟರ್ರು, ಬಿಡ್ರಿ."

ಈ ತಿದ್ದುಪಡಿಯನ್ನು ಅವರು ದಿನವೂ ಯಾರಿಗಾದರೂ ಮಾಡುತ್ತಲೇ ಇದ್ದರು. ಆಡಿಟರ್ ಎನಿಸಿಕೊಳ್ಳಲು ಸಿಎ ಪರೀಕ್ಷೆಯ ಕೊನೆಯ ಹಂತ ಪಾಸಾಗಿರಬೇಕು. ಅವರು ಪಾಸಾಗಿರಲಿಲ್ಲ. ವ್ಯಾಪಾರಿಗಳ ತೆರಿಗೆ ಲೆಕ್ಕ ಸಲ್ಲಿಸಿಕೊಡುವುದು ಅವರ ವೃತ್ತಿ. ಊರಿಗೆ ಈ ವ್ಯತ್ಯಾಸ ಬೇಕಿರಲಿಲ್ಲ. ಅವರಿಗೆ ಬೇಕಿತ್ತು.

ನಾನು ತಂಬ್ರಹಳ್ಳಿಯವಳು. ನಮ್ಮದು ಕುರಿ ಸಾಕುವ ಮನೆ. ಬಿ.ಕಾಂ. ಓದುವಾಗ ರಜೆಯಲ್ಲಿ ಕೆಲಸ ಕಲಿಯಲು ಅವರ ಕಚೇರಿಗೆ ಹೋದೆ. ಅವರನ್ನು ಸರ್ ಎನ್ನುತ್ತಿದ್ದೆ. ಆಮೇಲೆ ವಿಶ್ವವಿದ್ಯಾಲಯದಲ್ಲಿ ಎಂ.ಕಾಂ. ಮುಗಿಸಿ, ದಾವಣಗೆರೆಯ ಆಡಿಟರ್ ಒಬ್ಬರ ಬಳಿ ಸಿಎ ತರಬೇತಿ ಪೂರೈಸಿ, ಕೊನೆಯ ಪರೀಕ್ಷೆಗೆ ಓದಲು ಊರಿಗೆ ಮರಳಿದೆ. ನಮ್ಮ ಮನೆಯಲ್ಲಿ ಬಾಗಿಲು ಹಾಕಿಕೊಂಡು ಕೂರುವುದೆಂದರೆ ಹುಷಾರಿಲ್ಲ ಎಂದೇ ಅರ್ಥ. ಮಾತಾಡಿಸಲು ಓಣಿಯೆಲ್ಲ ಬರುತ್ತಿತ್ತು. ಅದನ್ನು ಕೇಳಿದ ಸರ್, "ಒಳಕೋಣಿ ಖಾಲಿ ಐತಿ. ಬಂದು ಓದು ತಂಗಿ" ಎಂದರು.

ಅವರು ಧೈರ್ಯ ಹೇಳುವವರಲ್ಲ. ಬೇರೆಯವರೆಲ್ಲ "ಆಗ್ತೈತಿ ಬಿಡು, ನೀ ಶಾಣ್ಯಾಕಿ" ಎನ್ನುತ್ತಿದ್ದರು. ಸರ್ ಒಮ್ಮೆಯೂ ಹಾಗೆ ಅನ್ನಲಿಲ್ಲ. ನಾನು ಪರೀಕ್ಷೆಯ ಮಾತೆತ್ತಿದರೆ ಸಾಕು, ಡ್ರಾಯರ್ ಎಳೆಯುವ ಸದ್ದು ಕೇಳುತ್ತಿತ್ತು.

ಮೊದಲ ಸಲ ಪರೀಕ್ಷೆ ಬರೆದದ್ದು ಬಳ್ಳಾರಿಯ ಒಂದು ಕಾಲೇಜಿನಲ್ಲಿ. ಈ ಪರೀಕ್ಷೆಯಲ್ಲಿ ಪ್ರಶ್ನೆಪತ್ರಿಕೆ ಕೊಟ್ಟ ಮೇಲೆ ಹದಿನೈದು ನಿಮಿಷ ಓದಲು ಮಾತ್ರ ಬಿಡುತ್ತಾರೆ, ಬರೆಯುವಂತಿಲ್ಲ. ಸುಮ್ಮನೆ ಕುಳಿತ ಆ ಹೊತ್ತಿನಲ್ಲಿ ನನಗೆ ಎಂದೂ ಆಗದ್ದು ಆಯಿತು. ಅಂಗೈ ಒದ್ದೆಯಾಯಿತು. ಮೊದಲ ಪ್ರಶ್ನೆಯ ಅಂಕಿಗಳನ್ನು ಓದುತ್ತಿದ್ದೆ, ಅವು ಒಳಗೆ ಇಳಿಯುತ್ತಿರಲಿಲ್ಲ. ಬರೆಯಲು ಶುರುಮಾಡಿದಾಗ ಹಾಳೆ ಕೈಗೆ ಅಂಟಿಕೊಂಡು ಎದ್ದುಬಂತು. ಶಾಯಿ ಹರಡಿತು. ದುಪಟ್ಟಾದಲ್ಲಿ ಒರೆಸಿಕೊಂಡೆ, ಮತ್ತೆ ಒದ್ದೆ. ಕೊಠಡಿ ಮೇಲ್ವಿಚಾರಕರು ಹತ್ತಿರ ಬಂದು, "ಸೆಕಿ ಭಾಳ ಐತಲ್ಲವಾ" ಎಂದರು. ನಾನು ಬರೆದ ಒಂದು ಅಂಕಿಯನ್ನೂ ಯಾರೂ ಓದಲಾರರು ಎಂದು ನನಗೆ ಖಚಿತವಾಗಿ ಅನ್ನಿಸಿತು. ಅರ್ಧ ಸಮಯವೂ ಆಗಿರಲಿಲ್ಲ. ಎದ್ದು ಉತ್ತರಪತ್ರಿಕೆ ಕೊಟ್ಟು ಹೊರಗೆ ಬಂದೆ. ಉಳಿದ ಪತ್ರಿಕೆಗಳಿಗೆ ಹೋಗಲಿಲ್ಲ.

ಎರಡು ದಿನ ಬಿಟ್ಟು ಅಪ್ಪ, "ಬ್ಯಾಂಕಿನ ಪರೀಕ್ಷಿ ಬರಿಯವ್ವಾ. ಇದು ನಿನ್ನ ಜೀವ ತಿನ್ನಾಕತ್ತೈತಿ" ಎಂದ. ಇನ್ನೊಂದೇ ಸಲ ಎಂದೆ. ಮತ್ತೊಮ್ಮೆ ಎದ್ದು ಬಂದರೆ ಇದರ ಕಡೆ ತಿರುಗಿ ನೋಡುವುದಿಲ್ಲ ಎಂದು ನನ್ನೊಳಗೇ ತೀರ್ಮಾನಿಸಿದ್ದೆ. ಅದನ್ನು ಸರ್‌ಗೆ ಮಾತ್ರ ಹೇಳಿದೆ.

"ಎದ್ದು ಬಂದ್ಯಾ?" ಎಂದರು.

"ಹೌದು ಸರ್."

"ಕೈ ತೋರ್ಸು."

ಮೇಜಿನ ಗಾಜಿನ ಮೇಲೆ ಅಂಗೈ ಊರಿದೆ. ಅವರು ಅದರ ಪಕ್ಕಕ್ಕೆ ತಮ್ಮ ಅಂಗೈ ಊರಿದರು. ಇಬ್ಬರೂ ತೆಗೆದಾಗ ಗಾಜಿನ ಮೇಲೆ ಎರಡು ಕೈಗಳ ಮಸುಕು ಉಳಿಯಿತು. ಅದನ್ನು ನೋಡುತ್ತಲೇ ಅವರು ಮಾತಾಡಿದರು.

"ನಾನೂ ಬಳ್ಳಾರ್ಯಾಗ ಎದ್ದು ಬಂದೆ. ನೀ ಇನ್ನ ಹುಟ್ಟಿರಲಿಲ್ಲ. ಮುಂದಿನ ಸಲ ಗೇಟಿನ ತನಕ ಹೋದೆ. ಅದರ ಮುಂದಿನ ಸಲಾನೂ ಗೇಟಿನ ತನಕ. ಮನಿಗೆ ಬಂದು ಪೇಪರ್ ಬಿಗಿ ಇತ್ತು ಅಂತಿದ್ದೆ."

"ಎಷ್ಟು ಸಲ ಸರ್?"

"ಎಣಸಬ್ಯಾಡ. ಒಂದ್ಸಲ ಎದ್ರ ಕಾಲಿಗೆ ಅದ ರೂಢಿ ಆಗ್ತೈತಿ ತಂಗಿ. ನಿಂದು ನೋಡಿ ನನಗ ಅದ ಅಂಜಿಕಿ."

ಅಂದು ನನ್ನ ಭಯ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಎದುರಿಗೆ ಕುಳಿತದ್ದು ಮುಂದೊಂದು ದಿನದ ನಾನೇ ಎನಿಸಿತು. ಪ್ರೀತಿಯ ಮನುಷ್ಯರೊಬ್ಬರ ಬಗ್ಗೆ ಹಾಗೆ ಅನ್ನಿಸುವುದು ಕಠೋರ. ಆದರೆ ಅದು ಅವರಿಗೂ ಗೊತ್ತಿತ್ತು. "ನನ್ನ ನೋಡ್ಯಾರ ಅಂಜು" ಎಂದರು.

ಮುಂದಿನ ಭಾನುವಾರದಿಂದ ಅವರು ಒಂದು ಅಭ್ಯಾಸ ಶುರುಮಾಡಿದರು. ಕಚೇರಿಗೆ ಅಂದು ಯಾರೂ ಬರುತ್ತಿರಲಿಲ್ಲ. ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ನನ್ನ ಮುಂದಿಟ್ಟು, ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕೆ ಸರಿಸಿ, ಮೇಲ್ವಿಚಾರಕರಂತೆ ಎದುರಿಗೆ ಕೂರುತ್ತಿದ್ದರು.

"ಕೈ ತೊಡಿ ಮ್ಯಾಲ ಇಟ್ಕೊ. ಪೆನ್ನು ಮುಟ್ಟಬ್ಯಾಡ, ಬರೀ ನೋಡು. ಹೆದರಿಕಿ ಬರ್ತೈತಿ, ಬರ್ಲಿ. ಬಂದು ಬಾಜೂಕ ಕುಂದರ್ಲಿ. ನೀ ಏಳಬ್ಯಾಡ."

ಪಾಠ ಕಲಿಸಲು ಹಲವರಿದ್ದರು. ಪಾಠವೆಲ್ಲ ಫೋನಿನಲ್ಲೇ ಸಿಗುತ್ತಿತ್ತು. ಆ ಹದಿನೈದು ನಿಮಿಷ ಕೂರುವುದನ್ನು ಕಲಿಸಲು ಕುಳಿತವರು ಇವರೊಬ್ಬರೇ. ಅವರಿಗೇ ಅದು ಬರುತ್ತಿರಲಿಲ್ಲ. ಅರ್ಧಕ್ಕೆ ಅವರ ಉಸಿರು ಬದಲಾಗುತ್ತಿತ್ತು. ಕುರ್ಚಿ ಸರಿದ ಸದ್ದು, ಆಮೇಲೆ ಮೆಟ್ಟಿಲ ಮೇಲೆ ಚಪ್ಪಲಿಯ ಸದ್ದು ಕೆಳಗೆ ಇಳಿಯುತ್ತಿತ್ತು. ನಾನು ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಅವರ ಹೆದರಿಕೆಯನ್ನೂ ನನ್ನದನ್ನೂ ಒಟ್ಟಿಗೆ ಕೇಳಿಸಿಕೊಳ್ಳುತ್ತ ಕೂರುತ್ತಿದ್ದೆ. ಹೊತ್ತು ಮುಗಿಯುವಷ್ಟರಲ್ಲಿ ಎರಡು ಲೋಟ ಹಿಡಿದು ಮೇಲೆ ಬರುತ್ತಿದ್ದರು.

"ಚಾ ತರಾಕ ಹೋಗಿದ್ದೆ."

ನಾನು ಚಹಾ ಕುಡಿಯುತ್ತಿದ್ದೆ. ವಾರಗಳು ಕಳೆದಂತೆ ಅವರು ಏಳುವುದು ತಡವಾಗುತ್ತ ಬಂತು. ಒಂದು ಭಾನುವಾರ ಏಳಲೇ ಇಲ್ಲ. ಹಣೆಯಿಂದ ಬೆವರು ಕೆನ್ನೆಗೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಹೊತ್ತು ಮುಗಿದಾಗ "ಬರಿ" ಎಂದರು. ಅಂದು ಚಹಾ ಇರಲಿಲ್ಲ. ಕೆಳಗೆ ನಿಲ್ದಾಣದಲ್ಲಿ ಕಂಡಕ್ಟರ್ "ಕೂಡ್ಲಿಗಿ, ಕೂಡ್ಲಿಗಿ" ಎಂದು ಕೂಗುತ್ತಿದ್ದ. ನಾನು ಪೆನ್ನಿನ ಮುಚ್ಚಳ ತೆಗೆದೆ.

ಎರಡನೇ ಸಲ ಪರೀಕ್ಷೆಗೆ ಹೊರಡುವ ಮುನ್ನ ಅವ್ವ ಮೈಲಾರದಿಂದ ತಂದಿದ್ದ ಭಂಡಾರವನ್ನು ಪೊಟ್ಟಣ ಕಟ್ಟಿಕೊಟ್ಟಳು. ನಮ್ಮ ಮನೆಯಲ್ಲಿ ಯಾವ ಕೆಲಸಕ್ಕೂ ಆ ಅರಿಶಿನ ಹಣೆಗೆ ಬೇಕೇ ಬೇಕು. ಅದನ್ನು ಸರ್‌ಗೆ ತೋರಿಸಿದಾಗ ಅವರು ನಕ್ಕರು. ಅವರು ನಗುವುದು ಅಪರೂಪ.

"ಇದನ್ನ ಅಂಗೈಗೆ ಹಚ್ಚಿಗಿಚ್ಚೀ ಮತ್ತ. ಹಾಳಿ ಮೂಲಿ ಮೂಲಿ ಹಳದಿ ಆಗಿ, ಪೇಪರ್ ತಿದ್ದೋರು ಲಗ್ನಪತ್ರಿಕಿ ಅನ್ಕೊಂತಾರ. ಇದು ಹಣಿಗೆ. ಕೈಗೆ ಇದು."

ಡ್ರಾಯರಿನಿಂದ ವಿಭೂತಿ ಗಟ್ಟಿ ತೆಗೆದು, ಎರಡು ತುಂಡು ಮಾಡಿ, ಒಂದನ್ನು ನನ್ನ ಕಡೆ ಸರಿಸಿದರು. "ನಾನೂ ಬರ್ತೀನಿ ಬಳ್ಳಾರಿಗೆ. ಗೇಟಿನ ತನಕ" ಎಂದರು.

ಮರುದಿನ ನಿಲ್ದಾಣಕ್ಕೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಕೈಚೀಲ ಹಿಡಿದು ಬಂದಿದ್ದರು. ನಾನು ಹತ್ತಿ ಕಿಟಕಿಯ ಪಕ್ಕ ಕುಳಿತೆ. ಅವರು ಬಸ್ಸಿನ ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಬಾಗಿಲ ಕಂಬಿ ಹಿಡಿದರು. ಅವರ ಕೈ ಕಂಬಿಯ ಮೇಲೆ ಜಾರುವುದು ನನಗೆ ಕಾಣಿಸುತ್ತಿತ್ತು. ಮತ್ತೆ ಹಿಡಿದರು, ಮತ್ತೆ ಜಾರಿತು.

"ಹತ್ತಾದ್ರ ಹತ್ರೀ ಹಿರಿಯಾರ," ಕಂಡಕ್ಟರ್ ಗದರಿದ.

ಅವರು ಕಾಲು ಕೆಳಗಿಳಿಸಿದರು. ಕಿಟಕಿಯ ಬಳಿ ಬಂದು ನನ್ನ ಮುಖ ನೋಡದೆ ಹೇಳಿದರು:

"ನೀ ಹೋಗು ತಂಗಿ. ನಾ ಇಲ್ಲೇ ಕುಂತು ಹೆದರ್ತೀನಿ. ಇಬ್ಬರದೂ ನಾನ ಹೆದರ್ತೀನಿ. ನೀ ಬರಿ."

ಪರೀಕ್ಷಾ ಕೊಠಡಿಯಲ್ಲಿ ನನ್ನ ಪಾರದರ್ಶಕ ಚೀಲದೊಳಗೆ ಪೆನ್ನುಗಳ ಜೊತೆ ಬಿಳಿ ಗಟ್ಟಿಯನ್ನು ಕಂಡ ಮೇಲ್ವಿಚಾರಕಿ ಅದನ್ನು ಹೊರಗೆ ತೆಗೆದರು. ಏನಾದರೂ ಗೀಚಿದೆಯೇ ಎಂದು ತಿರುಗಿಸಿ ನೋಡಿದರು, ಮೂಸಿದರು.

"ಏನವಾ ಇದು?"

"ವಿಭೂತಿ ಮೇಡಂ." ಕಿತ್ತುಕೊಂಡರೆ ನಾನು ಇನ್ನೊಂದು ಕ್ಷಣ ಅಲ್ಲಿ ಕೂರಲಾರೆ ಎಂದು ನನಗೆ ಗೊತ್ತಿತ್ತು. ಕಾಲುಗಳು ಆಗಲೇ ಬೆಂಚಿನ ಹೊರಕ್ಕೆ ತಿರುಗಿದ್ದವು.

"ದೇವ್ರ ಬಂದು ಬರಿತಾನೇನು?" ಎಂದರು. ಹಿಂದಿನವರು ನಕ್ಕರು. ಮೇಲ್ವಿಚಾರಕಿ ಗಟ್ಟಿಯನ್ನು ಮೇಜಿನ ಮೇಲಿಟ್ಟರು. "ಇಟ್ಕೊ. ಉತ್ತರ ಹೇಳಿಕೊಡದಿದ್ರ ಸಾಕು."

ಪ್ರಶ್ನೆಪತ್ರಿಕೆ ಬಂತು. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡೆ. ಹೆದರಿಕೆ ಬಂತು, ಬಂದು ಪಕ್ಕದಲ್ಲಿ ಕುಳಿತಿತು. ಅಂಕಿಗಳು ಅಲುಗಾಡಿದವು. ಈಗ ಸರ್ ಮೆಟ್ಟಿಲು ಇಳಿಯುತ್ತಿರಬೇಕು, ಈಗ ಕೆಳಗೆ ನಿಂತಿರಬೇಕು ಎಂದುಕೊಂಡೆ. ನಾನು ಏಳಲಿಲ್ಲ. ಗಂಟೆ ಬಾರಿಸಿದಾಗ ಅಂಗೈಗೆ ವಿಭೂತಿ ತಿಕ್ಕಿ, ಅಂಚಿಗೆ ತಟ್ಟಿ, ಪೆನ್ನು ತೆಗೆದುಕೊಂಡೆ. ಹೆದರಿಕೆ ಕೊನೆಯ ಗಂಟೆಯವರೆಗೂ ಪಕ್ಕದಲ್ಲೇ ಇತ್ತು. ನಾನೂ ಇದ್ದೆ.

ಬಳ್ಳಾರಿಯ ಚಿಕ್ಕಮ್ಮನ ಮನೆಯಿಂದ ಪ್ರತಿ ಪತ್ರಿಕೆಯ ಸಂಜೆ ಫೋನ್ ಮಾಡುತ್ತಿದ್ದೆ. ಹೇಗಾಯಿತು ಎಂದು ಸರ್ ಒಮ್ಮೆಯೂ ಕೇಳಲಿಲ್ಲ.

"ಕುಂತಿದ್ಯಾ?"

"ಕುಂತಿದ್ದೆ ಸರ್."

"ಕಡೀತನ?"

"ಕಡೀತನ."

ಕೊನೆಯ ಪತ್ರಿಕೆಯ ದಿನ ಇಷ್ಟನ್ನೇ ಕೇಳಿದರು. ಆಮೇಲೆ ಡ್ರಾಯರ್ ಮುಚ್ಚಿದ ಸದ್ದು ಕೇಳಿಸಿತು.

ಫಲಿತಾಂಶ ಬರುವ ಮೊದಲೇ, ಒಂದು ಬೆಳಿಗ್ಗೆ ಎದೆನೋವು ಬಂದು ಅವರು ತೀರಿಕೊಂಡರು. ನಾನು ಹೋದಾಗ ಅವರ ಮನೆಯ ಪಡಸಾಲೆಯಲ್ಲಿ, ಅವರ ಪದ್ಧತಿಯಂತೆ ಗೋಡೆಗೆ ಆನಿಸಿ ಕೂರಿಸಿದ್ದರು. ಎಡ ಅಂಗೈಯಲ್ಲಿ ಲಿಂಗ, ಬಲಗೈ ಮೊಣಕಾಲಿನ ಮೇಲೆ. ಬಂದವರು ಒಬ್ಬೊಬ್ಬರಾಗಿ ಹಣೆಗೆ ವಿಭೂತಿ ಹಚ್ಚುತ್ತಿದ್ದರು. ಕೊಟ್ಟೂರಿನ ವ್ಯಾಪಾರಿಯೂ ಬಂದಿದ್ದರು. "ನಮ್ಮ ಆಡಿಟರ್ರು ಹ್ವಾದ್ರಲ್ಲವಾ" ಎಂದು ನನ್ನ ಬಳಿ ಬಂದು ಅತ್ತರು. ಆ ಮಾತನ್ನು ತಿದ್ದುವವರು ಗೋಡೆಗೆ ಆನಿ ಕುಳಿತಿದ್ದರು.

ನನ್ನ ಸರದಿ ಬಂದಾಗ ಹಣೆಗೆ ಹಚ್ಚಿದೆ. ಆಮೇಲೆ ಯಾರಿಗೂ ಕಾಣದಂತೆ ಅವರ ಬಲ ಅಂಗೈ ತಿರುಗಿಸಿ ಅಲ್ಲಿಗೂ ಹಚ್ಚಿದೆ. ಪುಡಿ ನಿಲ್ಲದೆ ಉದುರಿಹೋಯಿತು. ಅಂಗೈ ಒಣಗಿತ್ತು. ಒದ್ದೆಯಾಗಿದ್ದುದು ನನ್ನ ಬೆರಳುಗಳು.

ಪಾಸಾಗಿದ್ದೆ. ಈಗ ಅದೇ ಊರಿನಲ್ಲಿ ನನ್ನ ಕಚೇರಿ ಇದೆ. ಸಹಿ ಮಾಡುವ ಮೊದಲು ಇಂದಿಗೂ ಹೆದರಿಕೆಯಾಗುತ್ತದೆ. ಇಬ್ಬರದನ್ನೂ ಹೆದರಲು ಈಗ ನಾನೊಬ್ಬಳೇ. ಅವರು ಮುರಿದುಕೊಟ್ಟ ತುಂಡು ಸವೆದು ಸಣ್ಣದಾಗಿದೆ, ಡ್ರಾಯರಿನಲ್ಲಿದೆ. ಮೊನ್ನೆ ಕೊಟ್ಟೂರಿನ ವ್ಯಾಪಾರಿ ತಮ್ಮ ಲೆಕ್ಕ ತಂದಾಗ, ನಾನು ಕೈ ತಿಕ್ಕಿಕೊಳ್ಳುವುದನ್ನು ನೋಡಿ ಬೆರಗಾದರು.

"ನಿಮ್ಮ ಮನಿಯಾಗ ಭಂಡಾರ ಅಲ್ಲೇನವಾ?"

"ಹೌದ್ರಿ."

ವ್ಯಾಪಾರಿ ಹಿಂದಕ್ಕೆ ಹೋದರು. ಚಪ್ಪಲಿಯನ್ನು ಹೊಸ್ತಿಲಾಚೆ ಬಿಟ್ಟು ಬಂದು ತಲೆ ಬಾಗಿಸಿದರು. ಅವರ ಹಣೆಯ ಮೇಲೆ ಮೂರು ಬೆರಳು ಎಳೆದೆ. ನಂತರ ಮೇಜಿನ ಅಂಚಿಗೆ ಕೈ ತಟ್ಟಿ, ಪೆನ್ನು ತೆಗೆದುಕೊಂಡೆ.